ಹವಾಯಿಯಲ್ಲಿ ಕಲಿತ ಕೌದಿ ಪಾಠ

ಮಗಳ ಮನೆಗೆಂದು ಹೊನೊಲುಲುವಿಗೆ ಹೋದಾಗ ಎಲ್ಲರೂ ಸಮುದ್ರಕ್ಕೆ ಹೊರಟರೆ, ನಾನು ಬಟ್ಟೆ ಅಂಗಡಿ ಎಲ್ಲಿದೆ ಅಂತ ಕೇಳಿದೆ. "ಇಲ್ಲಿಗೆ ಬಂದೂ ಹೊಲಿಗೇನಾ ಅಮ್ಮಾ?" ಅಂತ ಮಗಳು ನಕ್ಕಳು. ನಮ್ಮವ್ವ ಕೌದಿ ಹೊಲಿಯೋದ್ರಲ್ಲಿ ಎತ್ತಿದ ಕೈ. ಅವಳಿದ್ದಾಗ ನಾನು ಕಲಿಯಲಿಲ್ಲ. ಅವಳು ಅರ್ಧಕ್ಕೆ ಬಿಟ್ಟ ಕೌದಿ ಇನ್ನೂ ನನ್ನ ಟ್ರಂಕಿನಲ್ಲೇ ಇದೆ.

ಅಂಗಡಿಯಲ್ಲಿ ದಾಸವಾಳ, ದೇವಕಣಗಿಲೆ ಹೂವಿನ ಬಟ್ಟೆಗಳ ರಾಶಿ. ಆಸೆಪಟ್ಟು ಮೂರು ಗಜ ಕೊಂಡೆ. ಹೊಲಿಗೆ ಕ್ಲಾಸಿಗೆ ಹೋದಾಗ ಕಲಿಸುವ ಆಂಟಿ ಅದನ್ನು ನೋಡಿ, "ಇದು ಅಂಗಿಗೆ ಚೆಂದ, ಕ್ವಿಲ್ಟ್‌ಗಲ್ಲ" ಅಂದರು. (ಅಲ್ಲೂ ಹಿರಿಯರನ್ನು ಆಂಟಿ ಅಂತಲೇ ಕರೀತಾರೆ!) ಹವಾಯಿ ಕ್ವಿಲ್ಟ್‌ಗೆ ಬೇಕಾದದ್ದು ಎರಡೇ ಬಣ್ಣ, ಅದೂ ಹೂವಿಲ್ಲದ ಸಾದಾ ಹತ್ತಿ ಬಟ್ಟೆ.

1820ರಲ್ಲಿ ಬಂದ ಅಮೆರಿಕದ ಮಿಷನರಿ ಹೆಂಗಸರು ಇಲ್ಲಿಯವರಿಗೆ ತುಂಡು ಜೋಡಿಸುವ ಹೊಲಿಗೆ ಕಲಿಸಿದರು. ಅದಕ್ಕೂ ಮುಂಚೆ ಇವರು ಮರದ ತೊಗಟೆ ಬಡಿದು 'ಕಾಪಾ' ಬಟ್ಟೆ ಮಾಡುತ್ತಿದ್ದರು. ಇಡೀ ಬಟ್ಟೆಯನ್ನು ಚೂರು ಮಾಡಿ ಮತ್ತೆ ಜೋಡಿಸೋದು ಯಾಕೆ ಅಂತ ಅವರಿಗೆ ಅನ್ನಿಸಿತಂತೆ. ಅವರು ತಮ್ಮದೇ ದಾರಿ ಹುಡುಕಿಕೊಂಡರು. ಬಟ್ಟೆಯನ್ನು ಎಂಟು ಮಡಿಕೆ ಮಾಡಿ ಒಂದೇ ಸಲ ಕತ್ತರಿಸಿ ಬಿಡಿಸಿದರೆ, ರಂಗೋಲಿಯ ಹಾಗೆ ಎಲೆ-ಕಾಯಿಗಳ ಚಿತ್ತಾರ. ಅದನ್ನು ಬಿಳಿ ಬಟ್ಟೆಯ ಮೇಲಿಟ್ಟು, ಸೂಜಿಯಿಂದ ಅಂಚು ಒಳಮಡಿಸುತ್ತಾ ಹೊಲಿಯಬೇಕು. ಆಮೇಲೆ ಚಿತ್ತಾರದ ಸುತ್ತ ಅಲೆಗಳಂತೆ ಸಾಲು ಸಾಲು ಹೊಲಿಗೆ.

ಮೊದಲ ಪಾಠ 'ಉಲು'. ನಮ್ಮ ಕರಾವಳಿಯ ಜೀಗುಜ್ಜೆಯೇ! ಅದನ್ನು ಮೊದಲು ಹೊಲಿದವರಿಗೆ ಯಾವತ್ತೂ ಕೊರತೆಯಾಗಲ್ಲ ಅನ್ನೋದು ಅಲ್ಲಿನ ನಂಬಿಕೆ. ನಾನು ದಿಂಬಿನಷ್ಟು ಅಳತೆಯದ್ದೇ ಶುರುಮಾಡಿದೆ. ಎರಡು ಗಂಟೆಯಲ್ಲಿ ಮುಗಿದದ್ದು ಒಂದು ಎಲೆ, ಚುಚ್ಚಿಕೊಂಡದ್ದು ಎರಡು ಬೆರಳು. ಕೈಹೊಲಿಗೆಯ ದೊಡ್ಡ ಕ್ವಿಲ್ಟ್‌ಗೆ ಸಾವಿರಾರು ಡಾಲರ್ ಯಾಕೆ ಅಂತ ಆಗ ಅರ್ಥವಾಯ್ತು.

ಇಯೊಲಾನಿ ಅರಮನೆಯಲ್ಲಿ ಇನ್ನೊಂದು ಕ್ವಿಲ್ಟ್ ನೋಡಿದೆ. 1893ರಲ್ಲಿ ಸಿಂಹಾಸನ ಕಳೆದುಕೊಂಡ ರಾಣಿ ಲಿಲಿಯುವೊಕಲಾನಿಯನ್ನು 1895ರಲ್ಲಿ ಅದೇ ಅರಮನೆಯ ಒಂದು ಕೋಣೆಯಲ್ಲಿ ಸುಮಾರು ಎಂಟು ತಿಂಗಳು ಕೂಡಿಹಾಕಿದ್ದರು. ಆಗ ಆಕೆ ಹೊಲಿಯಲು ಶುರುಮಾಡಿದ್ದು ಅದು. ನಮ್ಮ ಕೌದಿಯ ಹಾಗೇ ತುಂಡು ತುಂಡು ಸೇರಿಸಿದ್ದು. ಅದರ ಮುಂದೆ ನಿಂತಾಗ ಅವ್ವ ನೆನಪಾದಳು.

ನೀವು ಹೋಗೋದಾದರೆ ಕೆಲವು ಮಾತು:

* ಕ್ಲಾಸಿನ ದಿನ, ಸಮಯ ಬದಲಾಗ್ತಿರುತ್ತೆ. ಮೊದಲೇ ಫೋನ್ ಮಾಡಿ. ಬಟ್ಟೆ ಅಂಗಡಿಯವರನ್ನೂ ಕೇಳಿ, ಅವರಿಗೆ ಗೊತ್ತಿರುತ್ತೆ.
* ಬಟ್ಟೆ ಗಜದ ಲೆಕ್ಕದಲ್ಲಿ ಸಿಗುತ್ತೆ. ಒಂದು ಗಜ ಅಂದ್ರೆ 91 ಸೆಂ.ಮೀ.
* ಕತ್ತರಿಯನ್ನು ಕೈಚೀಲದಲ್ಲಿಡದೆ ದೊಡ್ಡ ಸೂಟ್‌ಕೇಸಿನಲ್ಲಿಡಿ.
* ಇನ್ನೊಬ್ಬರ ಚಿತ್ತಾರವನ್ನು ಕೇಳದೆ ನಕಲು ಮಾಡಬೇಡಿ. ಅಲ್ಲಿ ಅದು ಮನೆತನದ ಆಸ್ತಿ ಇದ್ದಂತೆ.

ಊರಿಗೆ ಬಂದ ಮೇಲೆ ಟ್ರಂಕು ತೆಗೆದೆ. ಅವ್ವ ನಿಲ್ಲಿಸಿದ ಜಾಗದಲ್ಲಿ ಸೂಜಿ ಹಾಗೇ ಚುಚ್ಚಿಕೊಂಡಿತ್ತು. ಅಲ್ಲಿಂದಲೇ ಶುರುಮಾಡಿದ್ದೇನೆ. ನನ್ನ ಹೊಲಿಗೆ ಅವಳದ್ದರಷ್ಟು ನೇರ ಇಲ್ಲ, ಇರಲಿ ಬಿಡಿ.