ಕುಂಡದ ಮಣ್ಣು ಮತ್ತು ಪಿ.ಎಚ್. ಮಾಪಕ

ದಕ್ಷಿಣ ಕನ್ನಡದ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಯಾರ ಆರೈಕೆಯೂ ಇಲ್ಲದೆ ಹಿತ್ತಿಲ ಮೂಲೆಯಲ್ಲಿ ಸೊಂಪಾಗಿ ಬೆಳೆಯುವ ಕರಿಬೇವು, ಹೈದರಾಬಾದಿನ ಅಥವಾ ದಿಲ್ಲಿಯ ಬಾಲ್ಕನಿಯ ಕುಂಡಕ್ಕೆ ಬಂದ ಒಂದೆರಡು ವರ್ಷಗಳಲ್ಲೇ ಹಳದಿಗಟ್ಟುವುದು ಅಪರೂಪವಲ್ಲ. ಎಳೆಯ ಎಲೆಗಳ ನರಗಳು ಮಾತ್ರ ಹಸಿರಾಗಿ ಉಳಿದು ನಡುವಣ ಭಾಗ ಬಿಳಿಚಿಕೊಳ್ಳುತ್ತದೆ. ಗೊಬ್ಬರ ಸಾಲದೆಂದು ಮನೆಯವರು ಗೊಬ್ಬರ ಹಾಕುತ್ತಾರೆ. ನೀರು ಸಾಲದೆಂದು ಇನ್ನಷ್ಟು ನೀರು ಹೊಯ್ಯುತ್ತಾರೆ. ಅನೇಕ ವೇಳೆ ತೊಂದರೆಯಿರುವುದು ಆ ನೀರಿನಲ್ಲಿಯೇ. ಕೊಳವೆ ಬಾವಿಯ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಲವಣಗಳು ದಿನದಿನವೂ ಕುಂಡದಲ್ಲಿ ಸೇರುತ್ತ ಮಣ್ಣನ್ನು ಕ್ಷಾರೀಯವಾಗಿಸುತ್ತವೆ. ಅಂಥ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದು ಬೇರಿಗೆ ದಕ್ಕುವ ರೂಪದಲ್ಲಿ ಇರುವುದಿಲ್ಲ. ಬಡಿಸಿದ ಎಲೆಯ ಮುಂದೆ ಕುಳಿತೂ ಉಪವಾಸವಿರುವ ಸ್ಥಿತಿ ಗಿಡದ್ದು.

ಆಮ್ಲತೆ, ಕ್ಷಾರತೆಗಳನ್ನು ಸೂಚಿಸುವ ಪಿ.ಎಚ್. ಎಂಬ ಅಳತೆಯನ್ನು 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಸೋರೆನ್ಸೆನ್ ಎಂಬ ವಿಜ್ಞಾನಿ ಬಳಕೆಗೆ ತಂದನು. 7 ತಟಸ್ಥ, ಅದಕ್ಕಿಂತ ಕಡಿಮೆಯಾದುದು ಆಮ್ಲ, ಹೆಚ್ಚಿನದು ಕ್ಷಾರ. ಇಲ್ಲಿ ಮರೆಯಬಾರದ ಸಂಗತಿಯೆಂದರೆ, ಒಂದು ಅಂಕಿಯ ಅಂತರವೆಂದರೆ ಹತ್ತು ಪಟ್ಟು ವ್ಯತ್ಯಾಸ. ಪಿ.ಎಚ್. 8 ಇರುವ ಮಣ್ಣು 6 ಇರುವ ಮಣ್ಣಿಗಿಂತ ‘ಸ್ವಲ್ಪ’ ಬೇರೆಯಲ್ಲ, ನೂರು ಪಟ್ಟು ಬೇರೆ. ಮನೆಯಲ್ಲಿ ಬೆಳೆಯುವ ಹೆಚ್ಚಿನ ಗಿಡಗಳಿಗೆ 6ರಿಂದ 7ರವರೆಗಿನ ಮಣ್ಣು ಒಗ್ಗುತ್ತದೆ.

ನಮ್ಮ ಗೃಹಿಣಿಯರಿಗೆ ಈ ವಿದ್ಯೆ ಹೊಸದೇನೂ ಅಲ್ಲ. ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಕೆಂಪಾಗುತ್ತದೆಂಬ ಆಧಾರದ ಮೇಲೆಯೇ ಕುಂಕುಮವೂ ಓಕುಳಿಯೂ ಆರತಿಯ ನೀರೂ ಸಿದ್ಧವಾಗುತ್ತಿದ್ದವು. ಆದರೆ ಅರಿಶಿನ ಬಣ್ಣ ಬದಲಿಸುವುದು ಪಿ.ಎಚ್. ಸುಮಾರು 7.5ನ್ನು ದಾಟಿದ ಮೇಲೆ. ಮಣ್ಣು 5 ಇದೆಯೋ 7 ಇದೆಯೋ ಎಂಬುದನ್ನು ಅದು ಹೇಳಲಾರದು.

ಅಂಗಡಿಯಲ್ಲಿ ದೊರೆಯುವ ಸಾಧನಗಳು ಮುಖ್ಯವಾಗಿ ಮೂರು ಬಗೆಯವು. ಬಣ್ಣದ ಕಾಗದದ ಪಟ್ಟಿ ಅಗ್ಗ. ಆದರೆ ಕೆಸರು ನೀರಿನಲ್ಲಿ ಅದರ ಬಣ್ಣ ತಿಳಿಯದು. ಮಣ್ಣಿಗೆ ನೇರವಾಗಿ ಚುಚ್ಚುವ, ಬ್ಯಾಟರಿಯೇ ಬೇಡದ ಎರಡು ಕಡ್ಡಿಯ ಮಾಪಕ ನೋಡಲು ಬಲು ಅನುಕೂಲ. ಅದರ ಎರಡು ಬೇರೆ ಬೇರೆ ಲೋಹಗಳ ನಡುವೆ ಹುಟ್ಟುವ ವಿದ್ಯುತ್ತು ಮಣ್ಣಿನ ತೇವ ಮತ್ತು ಲವಣಗಳನ್ನು ಅವಲಂಬಿಸಿ ಏರಿಳಿಯುವುದರಿಂದ, ಇದರ ಮಾತನ್ನು ನಂಬುವಂತಿಲ್ಲ. ಇಲ್ಲದ ಹುಳಿಯನ್ನು ಅದು ತೋರಿಸಿತೆಂದು, ಮೊದಲೇ ಕ್ಷಾರೀಯವಾದ ಕುಂಡಕ್ಕೆ ಸುಣ್ಣ ಬೆರೆಸಿದರೆ ಗಿಡದ ಗತಿಯೇನು? ಈ ಹಣವನ್ನು ಉಳಿಸುವುದೇ ಲೇಸು.

ಮೂರನೆಯದು ಲೇಖನಿಯಾಕಾರದ ವಿದ್ಯುನ್ಮಾನ ಮಾಪಕ. ಇದರ ತುದಿಯಲ್ಲಿ ತೆಳುಗಾಜಿನ ಬುರುಡೆಯೊಂದಿರುತ್ತದೆ. ಇಂಥ ಉಪಕರಣದ ಮೂಲಪುರುಷ ಅಮೆರಿಕದ ಆರ್ನಾಲ್ಡ್ ಬೆಕ್‌ಮನ್. 1934ರಲ್ಲಿ ಆತ ಅದನ್ನು ರೂಪಿಸಿದ್ದು ನಿಂಬೆ ರಸದ ಹುಳಿಯನ್ನು ಅಳೆಯುವುದಕ್ಕಾಗಿ. ಕೊಳ್ಳುವಾಗ ಪರದೆಯ ಮೇಲೆ ಎಷ್ಟು ದಶಮಾಂಶ ಕಾಣುತ್ತದೆಂಬುದಕ್ಕೆ ಮರುಳಾಗಬಾರದು. 6.83 ಎಂದು ತೋರಿಸುವ ಮಾಪಕದ ನಿಖರತೆ 0.2 ಮಾತ್ರವಾಗಿದ್ದರೆ ಕೊನೆಯ ಅಂಕಿ ಬರಿಯ ಅಲಂಕಾರ. ಕುಂಡದ ಕೆಲಸಕ್ಕೆ 0.1ರ ನಿಖರತೆ ಧಾರಾಳ. ಎರಡು ಬಿಂದುಗಳಲ್ಲಿ ಸರಿಹೊಂದಿಸುವ ಸೌಕರ್ಯ, ಉಷ್ಣತೆಗೆ ತಕ್ಕಂತೆ ತಾನೇ ತಿದ್ದಿಕೊಳ್ಳುವ ಗುಣ, ಸಾಧ್ಯವಾದರೆ ಬದಲಾಯಿಸಬಹುದಾದ ತುದಿ, ಇವಿಷ್ಟು ಇದ್ದರೆ ಸಾಕು.

ಇಷ್ಟೆಲ್ಲ ನೋಡಿ ಕೊಂಡ ಮಾಪಕವೂ ಹೆಚ್ಚಾಗಿ ಹಾಳಾಗುವುದು ಕಪಾಟಿನಲ್ಲಿ. ಗಾಜಿನ ಬುರುಡೆಯ ಹೊರಮೈ ಸದಾ ತೇವವಾಗಿದ್ದರೆ ಮಾತ್ರ ಅದು ಜಲಜನಕದ ಅಯಾನುಗಳಿಗೆ ಸ್ಪಂದಿಸುತ್ತದೆ. ಆದ್ದರಿಂದ ಮುಚ್ಚಳದೊಳಗೆ ಪೊಟ್ಯಾಸಿಯಂ ಕ್ಲೋರೈಡಿನ ದ್ರಾವಣದ ಕೆಲವು ಹನಿಗಳು ಇರಲೇಬೇಕು. ಸಿದ್ಧ ದ್ರಾವಣ ದೊರೆಯದಿದ್ದರೆ ಸುಮಾರು 22 ಗ್ರಾಂ ಶುದ್ಧ ಪೊಟ್ಯಾಸಿಯಂ ಕ್ಲೋರೈಡನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ 100 ಮಿಲಿಲೀಟರಿಗೆ ತರಬಹುದು. ಬರಿಯ ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿಡುವುದು ಶುದ್ಧತೆಯ ಹೆಸರಿನಲ್ಲಿ ಮಾಡುವ ಅಪರಾಧ. ಅದು ಒಳಗಿನ ಲವಣವನ್ನೇ ಹೊರಗೆಳೆಯುತ್ತದೆ. ಒಣಗಿಹೋದ ತುದಿಯನ್ನು ಒಂದು ರಾತ್ರಿ ಈ ದ್ರಾವಣದಲ್ಲಿ ನೆನೆಸಿದರೆ ಹಲವು ಬಾರಿ ಜೀವ ಮರಳುತ್ತದೆ. ಗಾಜನ್ನು ಸೆರಗಿನಿಂದಲೋ ಕರವಸ್ತ್ರದಿಂದಲೋ ಉಜ್ಜಬಾರದು. ತೊಳೆದು, ಮೆತ್ತನೆಯ ಕಾಗದಕ್ಕೆ ತಾಗಿಸಿ ನೀರು ಹೀರಿಸಿದರೆ ಸಾಕು.

ತಕ್ಕಡಿಗೆ ಪಡಿಕಲ್ಲು ಹೇಗೋ, ಮಾಪಕಕ್ಕೆ ಬಫರ್ ದ್ರಾವಣ ಹಾಗೆ. 4, 7 ಮತ್ತು 9.2ರ ಗುಳಿಗೆಗಳು ಪ್ರಯೋಗಶಾಲೆಯ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಸಿಗುತ್ತವೆ. ಸೂಚನೆಯಂತೆ ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿಕೊಳ್ಳಬೇಕು. ಮೊದಲು 7ರಲ್ಲಿ ಸರಿಹೊಂದಿಸಿ, ತೊಳೆದು, ಬಳಿಕ ಮಣ್ಣು ಹುಳಿಯೆಂಬ ಗುಮಾನಿಯಿದ್ದರೆ 4ರಲ್ಲಿ, ಕ್ಷಾರವೆಂದಿದ್ದರೆ 9.2ರಲ್ಲಿ ಹೊಂದಿಸಬೇಕು, ಎರಡನೆಯ ಬಿಂದುವಿಗೆ 4ನ್ನು ಮಾತ್ರ ಒಪ್ಪುವ ಮಾಪಕಗಳೂ ಉಂಟು. ಬಳಸಿದ ದ್ರಾವಣವನ್ನು ಸೀಸೆಗೆ ಮರಳಿ ಸುರಿಯುವುದು ಜಿಪುಣತನವಲ್ಲ, ನಷ್ಟ. ಸರಿಹೊಂದಿಸಿದ ಮೇಲೂ ಅಂಕಿ ನಿಲ್ಲದೆ ನಿಮಿಷಗಟ್ಟಲೆ ತೇಲುತ್ತಿದ್ದರೆ ತುದಿಗೆ ಮುಪ್ಪು ಬಂದಿದೆಯೆಂದು ತಿಳಿಯಬೇಕು. ಚೆನ್ನಾಗಿ ನೋಡಿಕೊಂಡರೂ ಅದರ ಆಯುಷ್ಯ ಸಾಮಾನ್ಯವಾಗಿ ಒಂದೆರಡು ವರ್ಷ.

ಗಾಜಿನ ತುದಿಯನ್ನು ಮಣ್ಣಿಗೆ ಚುಚ್ಚಬಾರದು. ಕುಂಡದ ಬೇರಿನ ಆಳದಿಂದ ತೆಗೆದು ನೆರಳಿನಲ್ಲಿ ಒಣಗಿಸಿದ 20 ಗ್ರಾಂ ಮಣ್ಣಿಗೆ 50 ಮಿಲಿಲೀಟರ್ ಬಟ್ಟಿ ಇಳಿಸಿದ ನೀರು ಬೆರೆಸಿ, ಅರ್ಧ ಗಂಟೆಯವರೆಗೆ ಆಗಾಗ ಕಲಕಿ, ಅದರಲ್ಲಿ ಅಳೆಯಬೇಕು. ನಲ್ಲಿಯ ನೀರು ಬೆರೆಸಿದರೆ ಅಳೆದಂತಾಗುವುದು ಬಹುಮಟ್ಟಿಗೆ ನಲ್ಲಿಯನ್ನೇ.

ಅಂಕಿ 8ರ ಆಸುಪಾಸಿನಲ್ಲಿ ಬಂದರೆ ಗಾಬರಿಯಿಂದ ನಿಂಬೆರಸ ಸುರಿಯಬೇಕಾಗಿಲ್ಲ. ಅದರ ಪರಿಣಾಮ ಬಹುಕಾಲ ನಿಲ್ಲದು. ಗಂಧಕದ ಪುಡಿಯನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿದರೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆದರೆ ಅದಕ್ಕೆ ವಾರಗಳೇ ಬೇಕು. ಅಷ್ಟರವರೆಗೆ ಲೀಟರಿಗೆ 5 ಗ್ರಾಂ ಅನ್ನಭೇದಿಯನ್ನು ಆಗಲೇ ಕರಗಿಸಿ ಸಂಜೆಯ ಹೊತ್ತು ಎಲೆಗಳಿಗೆ ಸಿಂಪಡಿಸಬಹುದು. ಆ ಎಲೆಗಳನ್ನು ಕೆಲವು ದಿನ ಒಗ್ಗರಣೆಗೆ ಕೀಳದಿರುವುದು ಒಳ್ಳೆಯದು. ಮುಂಬಯಿಯಂಥ ಊರಿನಲ್ಲಿ ನಾಲ್ಕು ತಿಂಗಳ ಮಳೆ ಈ ಕೆಲಸದ ಬಹುಪಾಲನ್ನು ತಾನೇ ಮಾಡಿಕೊಡುತ್ತದೆ. ಕುಂಡವನ್ನು ಸೂರಿನ ಕೆಳಗಿನಿಂದ ಒಂದಿಷ್ಟು ಹೊರಗೆ ಸರಿಸಿದರಾಯಿತು. ಎರಡು ತಿಂಗಳ ಬಳಿಕ ಮತ್ತೊಮ್ಮೆ ಅಳೆಯಬೇಕು. ಅಷ್ಟರಲ್ಲಿ ಹಳೆಯ ಎಲೆ ಹಳದಿಯಾಗಿಯೇ ಉಳಿದಿರಬಹುದು. ನೋಡಬೇಕಾದುದು ಹೊಸ ಚಿಗುರಿನ ಬಣ್ಣವನ್ನು.