ಸವೆದ ತಂತಿಗೆ ಇಡೀ ಯಂತ್ರದ ಬಲಿಯೇ?

ಯಂತ್ರಗಳಿಗೆ ಮುಪ್ಪು ಮೊದಲು ಅಡರುವುದು ಮಿದುಳಿಗಲ್ಲ, ಕೀಲುಗಳಿಗೆ. ಇಸ್ತ್ರಿಪೆಟ್ಟಿಗೆಯ ವೈರು ಹಿಡಿಕೆಯ ಬುಡದಲ್ಲಿ ಬಿರಿಯುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾಗುತ್ತದೆ. ಇವಕ್ಕೆಲ್ಲ ಬೀದಿಯ ಕೊನೆಯ ಅಂಗಡಿಯಲ್ಲೇ ಪರಿಹಾರವುಂಟು. ಆದರೆ ಕಣ್ಣಿಗೆ ಕಟ್ಟಿಕೊಂಡು ಬೇರೊಂದು ಲೋಕವನ್ನು ಕಾಣುವ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್‌ನ ಕೇಬಲ್ ಸವೆದರೆ? 2016ರಲ್ಲಿ ಮಾರುಕಟ್ಟೆಗೆ ಬಂದ ಹೆಡ್‌ಸೆಟ್‌ಗಳ ಪೀಳಿಗೆಗೆ ಈಗ ವಯಸ್ಸಾಗಿರುವುದರಿಂದ ಈ ಪ್ರಶ್ನೆ ಎದುರಾಗಿದೆ.

ಈ ಕೇಬಲ್‌ನ ಹೊಣೆ ಸಾಮಾನ್ಯವಾದುದಲ್ಲ. ಆ ವರ್ಷದ ಮಾರ್ಚ್‌ನಲ್ಲಿ ಬಂದ ‘ಆಕ್ಯುಲಸ್ ರಿಫ್ಟ್’ನಲ್ಲಿ ಒಂದೊಂದು ಕಣ್ಣಿಗೂ 1080x1200 ಬಿಂದುಗಳ ಪರದೆಯಿದೆ, ಚಿತ್ರ ಸೆಕೆಂಡಿಗೆ 90 ಬಾರಿ ಬದಲಾಗುತ್ತದೆ. ಅಂದರೆ ಪ್ರತಿ ಸೆಕೆಂಡಿಗೆ 23 ಕೋಟಿಗೂ ಹೆಚ್ಚು ಬಿಂದುಗಳ ವಿವರ ಕಂಪ್ಯೂಟರಿನಿಂದ ತಲೆಯವರೆಗೆ ಹರಿಯಬೇಕು. ವಿದ್ಯುತ್ತೂ ತಲೆಯ ಚಲನೆಯ ಮಾಹಿತಿಯೂ ಅದೇ ಹೊದಿಕೆಯೊಳಗೇ ಸಾಗಬೇಕು. ಬಳಸುವವರು ನಿಂತಲ್ಲೇ ತಿರುಗುತ್ತಾರೆ, ಬಾಗುತ್ತಾರೆ. ಕೇಬಲ್ ಪ್ರತಿ ಸಲವೂ ಹುರಿಗೊಳ್ಳುತ್ತದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಾಗಿದ ತಾಮ್ರ ಪೆಡಸಾಗಿ ಎಳೆಎಳೆಯಾಗಿ ತುಂಡಾಗುತ್ತದೆ. ಮೊದಲು ಪರದೆಯ ಮೇಲೆ ಚುಕ್ಕಿಗಳು ಮಿನುಗುತ್ತವೆ, ಆಮೇಲೆ ಕ್ಷಣಕಾಲ ಕತ್ತಲು, ಕೊನೆಗೆ ಪೂರ್ಣ ಮೌನ.

ನಮ್ಮ ಮನೆಯಲ್ಲೂ ಅಂಥದೊಂದು ಹೆಡ್‌ಸೆಟ್ ಇದೆ. ಅದರ ಕಂಪನಿ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಮೊಣಕಾಲಿನ ನೋವಿನಿಂದ ಮೆಟ್ಟಿಲಿಳಿಯುವುದನ್ನೇ ಬಿಟ್ಟಿರುವ ನನ್ನ ತಂದೆಯವರು ಸಂಜೆಯ ಹೊತ್ತು ಅದನ್ನು ಧರಿಸಿ ಕುರ್ಚಿಯಲ್ಲಿ ಕುಳಿತೇ ಹಿಮಾಲಯದ ಕಣಿವೆಗಳನ್ನು ಸುತ್ತುತ್ತಿದ್ದರು. ಕೇಬಲ್ ಕೈಕೊಟ್ಟ ಮೇಲೆ ಆ ತಿರುಗಾಟ ನಿಂತಿತು. ಪರದೆ, ಮಸೂರ, ಒಳಗಿನ ಮಂಡಲಗಳು ಎಲ್ಲವೂ ಸರಿಯಾಗಿದ್ದವು. ತಯಾರಕರಿಂದ ಬಂದ ಉತ್ತರ ಒಂದೇ: ಆ ಮಾದರಿ ನಿಂತಿದೆ, ಬಿಡಿಭಾಗ ಲಭ್ಯವಿಲ್ಲ. ಬಳಸಿದ ಕೇಬಲ್ಲೊಂದಕ್ಕೆ ಮಾರಾಟಗಾರರೊಬ್ಬರು ಹೇಳಿದ ಬೆಲೆಯಾದರೋ ಮೂಗಿಗಿಂತ ಮೂಗುತಿ ಭಾರ ಎನ್ನುವಂತಿತ್ತು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗದ ವಸ್ತುವಿಲ್ಲ ಎನ್ನುತ್ತಾರೆ. ಅಲ್ಲಿಯ ಅನುಭವಿ ರಿಪೇರಿಗಾರರೊಬ್ಬರು ಕೇಬಲನ್ನು ಬೆರಳಲ್ಲಿ ಸವರಿ ನೋಡಿ, ‘ತಂತಿ ಬೆಸೆದುಕೊಡಬಹುದು ಸಾರ್, ಚಿತ್ರ ನಿಲ್ಲುತ್ತೆ ಅಂತ ಮಾತು ಕೊಡೋಕಾಗಲ್ಲ’ ಎಂದರು. ಅವರ ಮಾತು ನಿಜ. ಇಷ್ಟು ವೇಗದ ಸಂಕೇತ ಸಾಗಬೇಕಾದರೆ ಜೋಡಿ ತಂತಿಗಳ ನಡುವಣ ಅಂತರ ಉದ್ದಕ್ಕೂ ಒಂದೇ ಸಮನಾಗಿರಬೇಕು. ಬೆಸುಗೆಯ ಗಂಟಿನಲ್ಲಿ ಆ ಅಂತರ ಕೆಡುತ್ತದೆ; ಸಂಕೇತದ ಒಂದಂಶ ಅಲ್ಲಿಂದಲೇ ಹಿಂದಕ್ಕೆ ಮರಳುತ್ತದೆ. ಆದ್ದರಿಂದ ಬೇಕಾದುದು ಬೆಸುಗೆಯಲ್ಲ, ಬದಲಿ ಕೇಬಲ್.

ಬದಲಿ ಸಿಗುವುದೋ ಇಲ್ಲವೋ ಎಂಬುದು ವಿನ್ಯಾಸದ ಮೇಜಿನ ಮೇಲೇ ನಿರ್ಧಾರವಾಗುತ್ತದೆ. ರಿಫ್ಟ್‌ನ ಕೇಬಲನ್ನು ಕಳಚಬಹುದು, ಆದರೆ ಹೆಡ್‌ಸೆಟ್ ಕಡೆಯ ತುದಿ ಅದಕ್ಕೇ ಮೀಸಲಾದ ಆಕಾರದ್ದು. ರಿಫ್ಟ್ ಬಂದ ಮರುತಿಂಗಳೇ ಬಂದ ‘ಎಚ್‌ಟಿಸಿ ವೈವ್’ ಹೆಡ್‌ಸೆಟ್‌ನಲ್ಲಿ ಎಚ್‌ಡಿಎಂಐ, ಯುಎಸ್‌ಬಿ, ವಿದ್ಯುತ್ ಎಂಬ ಮೂರು ಮಾಮೂಲಿ ಕಿಂಡಿಗಳಿದ್ದವು. ಹೀಗಾಗಿ ಕಂಪನಿಯ ಕೇಬಲ್ ಹಾಳಾದರೂ ಗುಣಮಟ್ಟದ ಸಾಮಾನ್ಯ ಕೇಬಲ್‌ಗಳನ್ನು ಜೋಡಿಸಿ ಅದನ್ನು ಬದುಕಿಸಿಕೊಳ್ಳಲು ದಾರಿಯಿತ್ತು. ಒಂದೇ ಕಾಲದ ಎರಡು ಯಂತ್ರಗಳ ಆಯುಷ್ಯದಲ್ಲಿ ಎಂಥ ಅಂತರ!

ಉದ್ಯಮಕ್ಕೆ ಇದು ತಿಳಿಯದ ಸಂಗತಿಯೇನಲ್ಲ. 2018ರಲ್ಲಿ ಎನ್‌ವಿಡಿಯಾ, ಎಎಂಡಿ, ಮೈಕ್ರೋಸಾಫ್ಟ್, ವಾಲ್ವ್, ಆಕ್ಯುಲಸ್ ಕಂಪನಿಗಳು ಒಂದಾಗಿ ‘ವರ್ಚುವಲ್‌ಲಿಂಕ್’ ಎಂಬ ಮಾನದಂಡ ಪ್ರಕಟಿಸಿದ್ದವು. ಎಲ್ಲ ಹೆಡ್‌ಸೆಟ್‌ಗಳೂ ಕಂಪ್ಯೂಟರಿಗೆ ಯುಎಸ್‌ಬಿ-ಸಿ ಮಾದರಿಯ ಒಂದೇ ಕಿಂಡಿಯಿಂದ ಸೇರುವುದೆಂಬ ಆಶಯ ಅದು. 2020ರ ಹೊತ್ತಿಗೆ ಅದನ್ನು ಸದ್ದಿಲ್ಲದೆ ಕೈಬಿಡಲಾಯಿತು.

ಹಳೆಯ ಹೆಡ್‌ಸೆಟ್ ಉಳ್ಳವರು ಮಾಡಬಹುದಾದದ್ದು ಇಷ್ಟು: ಪ್ರತಿ ಬಳಕೆಯ ನಂತರ ಕೇಬಲ್‌ನ ಹುರಿಯನ್ನು ಬಿಡಿಸಬೇಕು, ಹೆಡ್‌ಸೆಟ್‌ಗೆ ಬಿಗಿಯಾಗಿ ಸುತ್ತದೆ ಅಗಲವಾದ ಸುರುಳಿ ಮಾಡಿ ಇಡಬೇಕು, ಕುರ್ಚಿಯ ಗಾಲಿಗೆ ಸಿಗದಂತೆ, ಸಾಧ್ಯವಾದರೆ ಸೂರಿನಿಂದ ಇಳಿಬಿಡಬೇಕು. ಪರದೆ ಕಪ್ಪಾದೊಡನೆ ಕೇಬಲನ್ನೇ ದೂರುವುದೂ ಸಲ್ಲ. ಎರಡೂ ತುದಿಗಳನ್ನು ಕಳಚಿ, ಬೆವರು ಧೂಳು ಒರೆಸಿ, ಕಂಪ್ಯೂಟರಿನ ಬೇರೆ ಕಿಂಡಿಗೆ ಜೋಡಿಸಿ ಪರೀಕ್ಷಿಸಬೇಕು. ಇಷ್ಟಾದರೂ ಇದೆಲ್ಲ ಮುಪ್ಪನ್ನು ಮುಂದೂಡುವ ಉಪಾಯಗಳೇ ಹೊರತು ಮದ್ದಲ್ಲ.

ಮದ್ದು ಇರುವುದು ಕಾನೂನಿನಲ್ಲಿ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು. ಅದೇ ಡಿಸೆಂಬರ್‌ನಲ್ಲಿ ಅದಕ್ಕಾಗಿ ಜಾಲತಾಣವನ್ನೂ ತೆರೆಯಿತು. ಆದರೆ ಮಾಹಿತಿ ಕೊಡುವುದು ಬೇರೆ, ಬಿಡಿಭಾಗ ಒದಗಿಸಲೇಬೇಕೆಂದು ಕಟ್ಟುಪಾಡು ವಿಧಿಸುವುದು ಬೇರೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಸಂಸ್ಕರಣೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೆ ಅದು ಸತ್ತ ಮೇಲಿನ ಸಂಸ್ಕಾರ. ನಾವು ಕೇಳುತ್ತಿರುವುದು ಬದುಕಿರುವಾಗಿನ ಚಿಕಿತ್ಸೆ. ಮನಸ್ಸು ಮಾಡಿದರೆ ಕನೆಕ್ಟರಿನ ಆಕಾರವನ್ನೂ ಸರ್ಕಾರ ನಿಗದಿಪಡಿಸಬಲ್ಲದು. ಫೋನು, ಟ್ಯಾಬ್ಲೆಟ್, ಕ್ಯಾಮೆರಾಗಳಿಗೆಲ್ಲ ಒಂದೇ ಬಗೆಯ ಚಾರ್ಜಿಂಗ್ ಕಿಂಡಿ ಇರಬೇಕೆಂಬ ನಿಯಮವನ್ನು ಐರೋಪ್ಯ ಒಕ್ಕೂಟ 2024ರ ಡಿಸೆಂಬರ್ 28ರಿಂದ ಜಾರಿಗೆ ತಂದಿರುವುದು ಇದಕ್ಕೆ ಸಾಕ್ಷಿ.

ಕೇಬಲ್ಲೇ ಇಲ್ಲದ ಹೆಡ್‌ಸೆಟ್‌ಗಳು ಬಂದಿರುವಾಗ ಈ ಚರ್ಚೆ ಏಕೆಂದು ಕೆಲವರು ಕೇಳಬಹುದು. ಅವುಗಳಲ್ಲಿ ಕೇಬಲ್‌ನ ಜಾಗಕ್ಕೆ ಬಂದಿರುವುದು ಬ್ಯಾಟರಿ. ಸವೆಯುವುದು ಅದರ ಧರ್ಮ. ಹಲವು ಮಾದರಿಗಳಲ್ಲಿ ಅದನ್ನು ಬಳಕೆದಾರರ ಕೈಗೆಟುಕದಂತೆ ಒಳಗೇ ಕೂರಿಸಲಾಗಿದೆ. ಭಾಗದ ಹೆಸರು ಬದಲಾಯಿತು, ಸಮಸ್ಯೆ ಬದಲಾಗಲಿಲ್ಲ. ಸವೆಯುವುದು ನಿಶ್ಚಿತ ಎಂದು ಗೊತ್ತಿರುವ ಭಾಗವನ್ನು ಮಾರುವವರು, ಮಾದರಿ ನಿಂತ ಮೇಲೂ ಇಷ್ಟು ವರ್ಷ ಅದನ್ನು ಒದಗಿಸುತ್ತೇವೆಂದು ಪೆಟ್ಟಿಗೆಯ ಮೇಲೆಯೇ ಬರೆದುಕೊಡಲಿ. ಕೊಳ್ಳುವಾಗ ಆ ಸಾಲನ್ನು ಹುಡುಕಿ ಓದುವ ಅಭ್ಯಾಸ ನಮಗೂ ಬರಲಿ.