ಸಾರಸ ವಿಮಾನದ ನಿರ್ಮಾಣವೂ ಪ್ರಯೋಗಕ್ರಮವೂ

ಸರಸ್ಸೆಂದರೆ ಕೊಳ; ಸರಸ್ಸನ್ನು ಆಶ್ರಯಿಸಿದ ಹಕ್ಕಿ ಸಾರಸ. ನೀಳವಾದ ಕೊರಳೂ ಉದ್ದನೆಯ ಕಾಲುಗಳೂ ಉಳ್ಳ ಈ ಪಕ್ಷಿಯ ಹೆಸರನ್ನು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು ತಾವು ರಚಿಸಿದ ಲಘುವಿಮಾನವೊಂದಕ್ಕೆ ಇಟ್ಟರು. ಅದೇ ಸಂಸ್ಥೆಯಲ್ಲಿ ಮೊದಲು ಹುಟ್ಟಿ ೧೯೯೩ರಲ್ಲಿ ಆಕಾಶಕ್ಕೆ ಏರಿದ, ಇಬ್ಬರು ಕೂರತಕ್ಕ ಶಿಕ್ಷಣವಿಮಾನಕ್ಕೆ ಹಂಸವೆಂದು ಹೆಸರು. ಹೆಸರುಗಳು ಕಾವ್ಯಲೋಕದಿಂದ ಬಂದವು. ವಸ್ತುವಾದರೋ ಲೆಕ್ಕ, ಲೋಹ, ಬೆಂಕಿಗಳಿಂದ ಆದುದು. ಆದರೂ ಸಾರಸದ ಚರಿತ್ರೆಯನ್ನು ಸಾಹಿತ್ಯಾಭ್ಯಾಸಿಗಳು ಅರಿಯಬೇಕಾದುದಕ್ಕೆ ಹೆಸರಿಗಿಂತ ಬಲವಾದ ಕಾರಣವೊಂದುಂಟು. ಈ ವಿಮಾನಕ್ಕೆ ಒದಗಿದ ಮಹಾವಿಪತ್ತಿನ ಮೂಲದಲ್ಲಿ ವಿಚಾರಣೆಯವರು ಕಂಡುದು ಬರೆದಿಟ್ಟ ವಿಧಿಯೊಂದರ ದೋಷವನ್ನು.

ಮೊದಲು ಈ ಜಾತಿಯ ವಿಮಾನದ ಸ್ವರೂಪವನ್ನು ತಿಳಿಯಬೇಕು. ನೂರಾರು ಜನರನ್ನು ಹೊರುವ ವಿಮಾನಗಳು ದೊಡ್ಡ ನಿಲ್ದಾಣಗಳನ್ನೂ ಗೊತ್ತಾದ ವೇಳೆಯನ್ನೂ ಅಪೇಕ್ಷಿಸುವುವು. ಐದಾರು ಜನರಿಂದ ಮೊದಲ್ಗೊಂಡು ಇಪ್ಪತ್ತು ಜನರವರೆಗೆ ಕೊಂಡೊಯ್ಯುವ ಲಘುವಿಮಾನಗಳಾದರೋ ಬೇಕೆಂದಾಗ ಬೇಕಾದೆಡೆಗೆ ಹೋಗತಕ್ಕವು. ವರ್ತಕರ ಸಂಚಾರ, ಸರ್ಕಾರದ ಕೆಲಸ, ರೋಗಿಗಳ ಸಾಗಣೆ ಇವಕ್ಕೆ ಒದಗುವುವು. ೧೯೬೩ರಲ್ಲಿ ಅಮೆರಿಕದಲ್ಲಿ ಮೊದಲು ಹಾರಿದ ಲಿಯರ್‌ಜೆಟ್ ವಿಮಾನವೂ ೧೯೬೯ರಲ್ಲಿ ಹಾರಿದ ಸೆಸ್ನಾ ಸೈಟೇಶನ್ ವಿಮಾನವೂ ಈ ವರ್ಗದಲ್ಲಿ ಪ್ರಸಿದ್ಧವಾದವು. ಅವೆರಡೂ ಜೆಟ್ ವಿಮಾನಗಳು. ಸಾರಸವು ಟರ್ಬೊಪ್ರಾಪ್ ಎಂಬ ಬಗೆಯದು. ಎರಡರ ಒಡಲಿನ ಅಗ್ನಿಯೂ ಒಂದೇ. ಒಳಹೊಕ್ಕ ಗಾಳಿಯನ್ನು ಒತ್ತಿ, ಅದಕ್ಕೆ ಇಂಧನವನ್ನು ಬೆರೆಸಿ ಉರಿಸಿದರೆ, ಕಾದ ಅನಿಲವು ಟರ್ಬೈನೆಂಬ ಚಕ್ರವನ್ನು ತಿರುಗಿಸುವುದು. ಜೆಟ್ಟಿನಲ್ಲಿ ಹಿಂದಕ್ಕೆ ಚಿಮ್ಮುವ ವಾಯುವೇ ವಿಮಾನವನ್ನು ಮುಂದಕ್ಕೆ ನೂಕುತ್ತದೆ. ಟರ್ಬೊಪ್ರಾಪಿನಲ್ಲಿ ಆ ಶಕ್ತಿಯ ಬಹುಭಾಗವು ಪ್ರೊಪೆಲರನ್ನು ತಿರುಗಿಸುವುದರಲ್ಲಿ ವಿನಿಯೋಗವಾಗುತ್ತದೆ. ಎರಡನೆಯದರ ವೇಗ ಕಡಮೆ; ಆದರೆ ಇಂಧನವ್ಯಯವೂ ಕಡಮೆ, ಏಳಲು ಇಳಿಯಲು ಬೇಕಾದ ಹಾದಿಯೂ ಚಿಕ್ಕದು. ಸಣ್ಣ ಊರುಗಳು ಹೆಚ್ಚಾಗಿರುವ ದೇಶಕ್ಕೆ ಈ ಗುಣಗಳು ಉಚಿತವೆಂಬುದು ಸ್ಪಷ್ಟ.

ಸಾರಸದ ಯೋಜನೆಯು ೧೯೯೧ರಲ್ಲಿ ಮ್ಯಾಸಿಶ್ಚೆವ್ ಎಂಬ ರಷ್ಯದ ವಿನ್ಯಾಸಸಂಸ್ಥೆಯ ಸಹಯೋಗದಿಂದ ಆರಂಭವಾಯಿತು. ಆ ದೇಶದ ಹಣಕಾಸಿನ ಮುಗ್ಗಟ್ಟಿನಿಂದ ಸಹಯೋಗವು ಮುರಿಯಲು, ಬೆಂಗಳೂರಿನವರು ಕಾರ್ಯವನ್ನು ತಾವೇ ಮುಂದುವರಿಸಿದರು. ೧೯೯೯ರಲ್ಲಿ ಭಾರತ ಸರ್ಕಾರದ ಮಂಜೂರಾತಿ ದೊರೆಯಿತು. ಮೊದಲನೆಯ ಮಾದರಿಯು ೨೦೦೪ರ ಮೇ ೨೯ರಂದು ಬೆಂಗಳೂರಿನ ಎಚ್.ಎ.ಎಲ್. ವಿಮಾನನಿಲ್ದಾಣದಿಂದ ಹಾರಿತು.

ಹದಿನಾಲ್ಕು ಆಸನಗಳ ಈ ವಿಮಾನದಲ್ಲಿ ಎಂಜಿನುಗಳೆರಡೂ ರೆಕ್ಕೆಯ ಮೇಲಿರದೆ ಒಡಲಿನ ಹಿಂಭಾಗದ ಎರಡು ಪಕ್ಕಗಳಲ್ಲಿರುವುವು. ಪ್ರೊಪೆಲರುಗಳು ಎಂಜಿನಿನ ಮುಂದಿದ್ದು ಎಳೆಯುವುದಿಲ್ಲ, ಹಿಂದಿದ್ದು ನೂಕುತ್ತವೆ. ಇದರಿಂದ ಎರಡು ಪ್ರಯೋಜನಗಳುಂಟು: ಪ್ರಯಾಣಿಕರ ಕೋಣೆಗೆ ಸದ್ದು ಕಡಮೆ, ರೆಕ್ಕೆಯ ಮೇಲೆ ಹರಿಯುವ ಗಾಳಿಯು ಪ್ರೊಪೆಲರಿನಿಂದ ಕಲಕಿಹೋಗುವುದಿಲ್ಲ. ೧೯೮೬ರಲ್ಲಿ ಮೊದಲು ಹಾರಿದ ಇಟಲಿಯ ಪಿಯಾಜಿಯೊ ಅವಂತಿ ವಿಮಾನದಲ್ಲಿಯೂ ನೂಕುವ ಪ್ರೊಪೆಲರುಗಳೇ ಇವೆ. ದೋಷವೂ ಇಲ್ಲದಿಲ್ಲ. ಒಡಲನ್ನು ಸವರಿಕೊಂಡು ಬಂದು ಕದಡಿದ ಗಾಳಿಯಲ್ಲಿ ಪ್ರೊಪೆಲರು ತಿರುಗಬೇಕಾಗುತ್ತದೆ. ಭಾರವೆಲ್ಲ ಹಿಂದಕ್ಕೆ ಸರಿಯುವುದರಿಂದ ಸಮತೂಕದ ಲೆಕ್ಕವು ಸೂಕ್ಷ್ಮವಾಗುತ್ತದೆ.

ನಿರ್ಮಾತೃಗಳನ್ನು ಮೊದಲು ಕಾಡಿದುದು ತೂಕ. ಮೊದಲನೆಯ ಮಾದರಿಯು ಉದ್ದೇಶಿಸಿದುದಕ್ಕಿಂತ ಸುಮಾರು ೯೦೦ ಕಿಲೋಗ್ರಾಂ ಹೆಚ್ಚು ತೂಗಿತು. ಎರಡು ಎಂಜಿನುಗಳ ವಿಮಾನದಲ್ಲಿ ಒಂದು ನಿಂತರೂ ಮತ್ತೊಂದರ ಬಲದಿಂದ ಮೇಲೇರಲು ಸಾಧ್ಯವಾಗಬೇಕೆಂಬುದು ನಿಯಮ. ತೂಕ ಹೆಚ್ಚಿದಷ್ಟೂ ಈ ಸಾಮರ್ಥ್ಯವು ಕುಗ್ಗುವುದು. ಆದುದರಿಂದ ಎರಡನೆಯ ಮಾದರಿಯಲ್ಲಿ ಲೋಹದ ಕೆಲವು ಭಾಗಗಳಿಗೆ ಬದಲಾಗಿ ಹಗುರವಾದ ಸಂಯುಕ್ತದ್ರವ್ಯಗಳನ್ನು ಬಳಸಿದರು; ೮೫೦ ಅಶ್ವಶಕ್ತಿಯ ಎಂಜಿನುಗಳಿದ್ದೆಡೆಯಲ್ಲಿ ೧೨೦೦ ಅಶ್ವಶಕ್ತಿಯವನ್ನು ಕೂಡಿಸಿದರು. ಈ ಎರಡನೆಯ ಸಾರಸವು ೨೦೦೭ರ ಏಪ್ರಿಲ್ ೧೮ರಂದು ಹಾರಿತು.

ಹೊಸ ವಿಮಾನವನ್ನು ಜನರ ಉಪಯೋಗಕ್ಕೆ ಬಿಡುವ ಮುನ್ನ ಅದಕ್ಕೆ ಬರಬಹುದಾದ ಆಪತ್ತುಗಳನ್ನು ಬೇಕೆಂದೇ ತಂದುಕೊಂಡು ಪರೀಕ್ಷಿಸುವುದು ವಾಡಿಕೆ. ಅವುಗಳಲ್ಲೊಂದು, ಆಕಾಶದಲ್ಲಿಯೇ ಒಂದು ಎಂಜಿನನ್ನು ಆರಿಸಿ ಮರಳಿ ಹೊತ್ತಿಸುವ ಪರೀಕ್ಷೆ, ಇದನ್ನು ಪುನರುಜ್ಜ್ವಲನವೆನ್ನಬಹುದು. ಆರಿದ ಎಂಜಿನಿನ ಪ್ರೊಪೆಲರು ಗಾಳಿಗೆ ತಡೆಯಾಗದಂತೆ ಅದರ ಅಲಗುಗಳನ್ನು ಹೊರಳಿಸಿ, ಅವುಗಳ ಅಂಚು ಮಾತ್ರ ಗಾಳಿಗೆ ಎದುರಾಗುವಂತೆ ನಿಲ್ಲಿಸುವರು. ಮರಳಿ ಹೊತ್ತಿಸುವಾಗ ಈ ನಿಲುವನ್ನು ಬಿಡಿಸಬೇಕು. ಅಲಗುಗಳು ಗಾಳಿಗೆ ಅಗಲವಾಗಿ ತೆರೆದಿದ್ದು ಎಂಜಿನು ಮಾತ್ರ ಹೊತ್ತದೆ ಹೋದರೆ, ಗಾಳಿಯೇ ಪ್ರೊಪೆಲರನ್ನು ತಿರುಗಿಸತೊಡಗುವುದು. ನೂಕಬೇಕಾದ ಯಂತ್ರವು ಹಿಡಿದೆಳೆಯುವ ಯಂತ್ರವಾಗುವುದು. ಆ ಎಳೆತವು ಒಂದೇ ಪಕ್ಕಕ್ಕೆ ಬೀಳುವುದರಿಂದ ವಿಮಾನವು ಓರೆಯಾಗಿ ತಿರುಗುತ್ತ ವೇಗವಾಗಿ ಇಳಿಯುವುದು. ಹೀಗೆ ಯಾವ ಸನ್ನೆಯನ್ನು ಮೊದಲು ಸರಿಸಬೇಕು, ಯಾವುದನ್ನು ಆಮೇಲೆ, ಎಷ್ಟು ಎತ್ತರದಲ್ಲಿ ಎಂಬುದರಲ್ಲಿಯೇ ಜೀವಮರಣಗಳು ಅಡಗಿವೆ.

೨೦೦೯ರ ಮಾರ್ಚ್ ೬ರಂದು ಮಧ್ಯಾಹ್ನ ಎರಡನೆಯ ಸಾರಸವು ಈ ಪರೀಕ್ಷೆಗಾಗಿಯೇ ಹೊರಟಿತು. ಕೆಂಗೇರಿಯನ್ನು ದಾಟಿ ಮೈಸೂರು ಹೆದ್ದಾರಿಯಲ್ಲಿ ಸಾಗಿದರೆ ಸಿಕ್ಕುವ ಬಿಡದಿಯ ಬಳಿ, ಶೇಷಗಿರಿಹಳ್ಳಿಯ ಹೊಲದಲ್ಲಿ ಅದು ಬಿದ್ದು ಉರಿದುಹೋಯಿತು. ವಾಯುಸೇನೆಯ ಪರೀಕ್ಷಾಚಾಲಕರಾದ ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಪರೀಕ್ಷಾ ಎಂಜಿನಿಯರರಾದ ಸ್ಕ್ವಾಡ್ರನ್ ಲೀಡರ್ ಇಳೈಯರಾಜ ಈ ಮೂವರೂ ಮಡಿದರು.

ವಿಮಾನಯಾನ ಮಹಾನಿರ್ದೇಶನಾಲಯದ ವಿಚಾರಣೆಯು, ನಿರ್ಮಾತೃಗಳು ಏರ್ಪಡಿಸಿದ ಪುನರುಜ್ಜ್ವಲನವಿಧಿಯೇ ಸರಿಯಿರಲಿಲ್ಲವೆಂದೂ, ಅದನ್ನು ಸಾಕಷ್ಟು ಎತ್ತರವಿಲ್ಲದೆಡೆಯಲ್ಲಿ ಅನುಸರಿಸಿದುದರಿಂದ ವಿಮಾನವು ಬೇಗನೆ ಕೆಳಗಿಳಿದು ಅಪಘಾತವಾಯಿತೆಂದೂ ನಿರ್ಣಯಿಸಿತು. ಚಾಲಕರ ಪರಸ್ಪರ ಹೊಂದಾಣಿಕೆ, ಮೊದಲ ಯತ್ನವು ವಿಫಲವಾದೊಡನೆ ಪರೀಕ್ಷೆಯನ್ನು ನಿಲ್ಲಿಸದಿದ್ದುದು ಮೊದಲಾದ ಸಹಕಾರಿಕಾರಣಗಳನ್ನೂ ಅದು ಹೇಳಿತು. ಅವುಗಳಲ್ಲಿ ಮುಖ್ಯವಾಗಿ ಗಮನಿಸತಕ್ಕದ್ದೊಂದುಂಟು: ಪ್ರೊಪೆಲರನ್ನು ಮಾಡಿದವರನ್ನು ಕೇಳದೆಯೇ ಆ ವಿಧಿಯನ್ನು ರಚಿಸಲಾಗಿತ್ತು.

ಕ್ರಮವಿಚಾರವು ಮೀಮಾಂಸಾಶಾಸ್ತ್ರವನ್ನು ಓದಿದವರಿಗೆ ಹೊಸದಲ್ಲ. ಕರ್ಮದ ಅಂಗಗಳ ಕ್ರಮವನ್ನು ಗೊತ್ತುಮಾಡಲು ಶ್ರುತಿ, ಅರ್ಥ, ಪಾಠ, ಸ್ಥಾನ, ಮುಖ್ಯ, ಪ್ರವೃತ್ತಿ ಎಂಬ ಆರು ಪ್ರಮಾಣಗಳನ್ನು ಅಲ್ಲಿ ಹೇಳಿದೆ. ಇವುಗಳಲ್ಲಿ ಹಿಂದಿನದು ಮುಂದಿನದಕ್ಕಿಂತ ಪ್ರಬಲ. ಅಗ್ನಿಹೋತ್ರವನ್ನು ಮಾಡುವುದು ಪಾಠದಲ್ಲಿ ಮೊದಲು ಬಂದು, ಅದಕ್ಕೆ ಬೇಕಾದ ಗಂಜಿಯನ್ನು ಬೇಯಿಸುವುದು ಆಮೇಲೆ ಬಂದರೂ, ಗಂಜಿಯಿಲ್ಲದೆ ಹೋಮವಿಲ್ಲವಾದುದರಿಂದ ಬೇಯಿಸುವುದೇ ಮೊದಲು. ಅಂದರೆ ಪಾಠಕ್ರಮವನ್ನು ಅರ್ಥಕ್ರಮವು ಬಾಧಿಸುತ್ತದೆ. ಯಾಗಶಾಲೆಯಲ್ಲಿ ಹೀಗೆ ವಿಚಾರಮಾಡಲು ವೇಳೆಯುಂಟು; ಕೆಳಗಿಳಿಯುತ್ತಿರುವ ವಿಮಾನದಲ್ಲಿ ಅದಿಲ್ಲ. ಅಲ್ಲಿ ಚಾಲಕನ ಕೈ ಪಾಠವನ್ನೇ ನಂಬಿ ನಡೆಯಬೇಕು. ಆದುದರಿಂದ ಪಾಠವು ಅರ್ಥಕ್ಕೆ ಒಪ್ಪುವುದೇ ಎಂಬ ಪರೀಕ್ಷೆಯು ನೆಲದ ಮೇಲೆಯೇ ಮುಗಿದಿರಬೇಕು. ಅದರಲ್ಲಿ ಒಂದೊಂದು ದ್ರವ್ಯದ ಸ್ವಭಾವವನ್ನು ಬಲ್ಲವನಿಗೂ ಮಾತಿರಬೇಕು. ವಿಧಿವಾಕ್ಯವು ಯಂತ್ರಕ್ಕೆ ಅಂಟಿಸಿದ ಚೀಟಿಯಲ್ಲ. ಅದು ಯಂತ್ರದ ಒಂದು ಅಂಗ.

ಅಪಘಾತದ ತರುವಾಯ ಕಾರ್ಯವು ಕುಂಠಿತವಾಗಿ ಕೆಲವು ವರ್ಷ ನಿಂತೇ ಹೋಯಿತು. ಆಮೇಲೆ ಮೊದಲನೆಯ ಮಾದರಿಯನ್ನೇ ತಿದ್ದಿ ೨೦೧೮ರ ಜನವರಿ ೨೪ರಂದು ಮತ್ತೆ ಹಾರಿಸಿದರು. ಫೆಬ್ರವರಿ ೨೧ರಂದು ಎರಡನೆಯ ಬಾರಿ ಹಾರಿತು. ಮುಂದಿನ ವಿನ್ಯಾಸವು ಹತ್ತೊಂಬತ್ತು ಆಸನಗಳ ಸಾರಸದ ಕಡೆಗೆ ತಿರುಗಿತು. ಹೊಸ ರೂಪದಲ್ಲಿ ಆಸನಗಳು ಹೆಚ್ಚುವುವು, ದ್ರವ್ಯಗಳು ಬದಲಾಗುವುವು. ಅದರ ಜೊತೆಗೆ ಹೊರಡುವ ವಿಧಿಗ್ರಂಥವನ್ನು ಬರೆಯುವವರೂ ತಿದ್ದುವವರೂ ಶೇಷಗಿರಿಹಳ್ಳಿಯ ಹೊಲವನ್ನು ನೆನಪಿನಲ್ಲಿಟ್ಟುಕೊಂಡು ಒಂದೊಂದು ಪದವನ್ನೂ ಅದರ ಸ್ಥಾನವನ್ನೂ ಶೋಧಿಸಿದರೆ, ಆ ಮೂವರ ಪ್ರಾಣತ್ಯಾಗವು ಶಾಸ್ತ್ರಕ್ಕೆ ಸೇರಿದಂತಾಗುವುದು.